ಕಾರ್ಡಿನಲ್ಲಿ ಅಚ್ಚಾಗದ ಅಂಕಿಗಳು

1998ರ ಸುಮಾರಿಗೆ ಗಂಗಾವತಿಯ ನಮ್ಮ ಓಣಿಯ ಹುಡುಗರಲ್ಲಿ ಎರಡು ಪಕ್ಷಗಳಿದ್ದವು. ಟಿವಿಯಲ್ಲಿ ಬರುವ, ಡಬ್ಲ್ಯೂಡಬ್ಲ್ಯೂಎಫ್ ಎಂಬ ಅಮೆರಿಕದ ಕಂಪನಿಯ ಕುಸ್ತಿ ನಿಜವೆನ್ನುವವರದು ಒಂದು ಪಕ್ಷ, ಅದೆಲ್ಲ ಮೊದಲೇ ಮಾತಾಡಿಕೊಂಡು ಆಡುವ ಆಟ ಎನ್ನುವವರದು ಇನ್ನೊಂದು. ನಾನು ಮೊದಲನೆಯ ಪಕ್ಷದವನು. ನಮ್ಮ ಕಡೆಯ ಬಲವಾದ ಸಾಕ್ಷಿ ರಕ್ತ: ಹಣೆ ಒಡೆದು ಮುಖದ ತುಂಬ ರಕ್ತ ಇಳಿಯುವುದನ್ನು ಕಣ್ಣಾರೆ ಕಂಡ ಮೇಲೂ ಸುಳ್ಳೆನ್ನುವುದು ಹೇಗೆ? ಎದುರು ಪಕ್ಷದವರು, ಗುದ್ದು ತಾಗುವ ಮೊದಲೇ ಬೀಳುವವನ ತಲೆ ಹಿಂದಕ್ಕೆ ವಾಲುವುದನ್ನು ಎತ್ತಿ ತೋರಿಸುತ್ತಿದ್ದರು. ವಾದ ಮುಗಿಯುವ ಮೊದಲೇ ಕರೆಂಟು ಹೋಗುತ್ತಿತ್ತು. ನಾಡಿಗೆಲ್ಲ ವಿದ್ಯುತ್ತು ಕೊಡುವ ಶಾಖೋತ್ಪನ್ನ ಸ್ಥಾವರ ನೆರೆಯ ರಾಯಚೂರಿನ ಶಕ್ತಿನಗರದಲ್ಲಿದ್ದರೂ ನಮ್ಮ ಓಣಿಯ ಕುಸ್ತಿಗಳ ಫಲಿತಾಂಶ ನಮಗೆ ಗೊತ್ತಾಗುತ್ತಿದ್ದದ್ದು ಮಾರನೆಯ ದಿನ ಶಾಲೆಯಲ್ಲಿ, ಬೇರೆ ಓಣಿಯವರ ಬಾಯಿಂದ.

ನಮ್ಮಜ್ಜ ಹರೆಯದಲ್ಲಿ ಗರಡಿಯ ಮಣ್ಣು ಮೈಗೆ ಹಚ್ಚಿಕೊಂಡವರು. ಸುತ್ತಲಿನ ಜಾತ್ರೆಗಳಲ್ಲಿ ಕುಸ್ತಿ ಹಿಡಿದು ಒಂದೆರಡು ಬೆಳ್ಳಿ ಕಡಗಗಳನ್ನು ಮನೆಗೆ ತಂದವರು. ಎರಡೂ ಪಕ್ಷದವರು ಒಮ್ಮೆ ಅವರನ್ನು ತೀರ್ಪುಗಾರರನ್ನಾಗಿ ಟಿವಿಯ ಮುಂದೆ ಕೂಡಿಸಿದೆವು. ಐದು ನಿಮಿಷ ನೋಡಿ ಅವರು ಎದ್ದುಬಿಟ್ಟರು. "ಇದು ಕುಸ್ತಿ ಅಲ್ಲಪಾ ತಮ್ಮಾ, ಬಯಲಾಟ. ಆದ್ರ ಬೀಳೂದು ಮಾತ್ರ ಖರೇನ ಬೀಳಾಕತ್ತಾನ ನೋಡು" ಎಂದರು. ತೀರ್ಪು ಯಾರ ಪರವಾಗಿಯೂ ಇಲ್ಲವೆಂದು ಇಬ್ಬರೂ ಅದನ್ನು ತಳ್ಳಿಹಾಕಿದೆವು.

ಇಪ್ಪತ್ತೈದು ವರ್ಷಗಳ ಮೇಲೆ ಆ ಮಾತು ನೆನಪಾಗಲು ಕಾರಣ ಈ ಕುಸ್ತಿಲೋಕದ ಕರಾಳ ಮುಖವನ್ನು ತೋರಿಸುವ 'ಡಾರ್ಕ್ ಸೈಡ್ ಆಫ್ ದ ರಿಂಗ್' ಎಂಬ ಸಾಕ್ಷ್ಯಚಿತ್ರ ಸರಣಿ. ಇವಾನ್ ಹಸ್ನಿ ಮತ್ತು ಜೇಸನ್ ಐಸ್ನರ್ ಎಂಬಿಬ್ಬರು ರೂಪಿಸಿದ ಈ ಸರಣಿ 2019ರ ಏಪ್ರಿಲ್‌ನಲ್ಲಿ ವೈಸ್ ಸಂಸ್ಥೆಯ ವಾಹಿನಿಯಲ್ಲಿ ಆರು ಕಂತುಗಳೊಂದಿಗೆ ಆರಂಭವಾಯಿತು. ಜನ ಮೆಚ್ಚಿದ್ದರಿಂದ ಮುಂದಿನ ವರ್ಷಗಳಲ್ಲಿ ಮತ್ತೆ ಮತ್ತೆ ಹೊಸ ಕಂತುಗಳು ಬಂದವು. ತೊಂಬತ್ತರ ದಶಕದ ಒಟ್ಟು ಜನಪ್ರಿಯ ಸಂಸ್ಕೃತಿಯ ಬಗ್ಗೆ ಇದೇ ಹೆಸರಿನ ಧಾಟಿಯಲ್ಲಿ ಇನ್ನೊಂದು ಸರಣಿಯೂ 2021ರಲ್ಲಿ ಬಂತು. ಅದನ್ನೂ ಒಂದಿಷ್ಟು ನೋಡಿದೆ. ಅದರಲ್ಲಿ ಬರುವ ಅಮೆರಿಕದ ಟಾಕ್ ಶೋಗಳಾಗಲಿ ಆಟಿಕೆಗಳ ಹುಚ್ಚಾಗಲಿ ನನ್ನ ಬಾಲ್ಯದಲ್ಲಿ ಇರಲಿಲ್ಲವಾದ್ದರಿಂದ ಆ ದುಃಖ ನನ್ನದೆನಿಸಲಿಲ್ಲ. ಕುಸ್ತಿಯದು ಹಾಗಲ್ಲ. ಆ ಮುಖಗಳು ನನ್ನ ಚಡ್ಡಿಯ ಜೇಬಿನಲ್ಲಿದ್ದವು.

ಜೇಬಿನಲ್ಲಿದ್ದವು ಎಂದದ್ದು ಟ್ರಂಪ್ ಕಾರ್ಡುಗಳ ಬಗ್ಗೆ. ನನ್ನ ವಯಸ್ಸಿನವರಿಗೆ ವಿವರಿಸಬೇಕಾಗಿಲ್ಲ, ಕಿರಿಯರಿಗಾಗಿ ಹೇಳುತ್ತೇನೆ. ಪ್ರತಿ ಕಾರ್ಡಿನ ಮೇಲೆ ಒಬ್ಬ ಕುಸ್ತಿಪಟುವಿನ ಚಿತ್ರ, ಅದರ ಕೆಳಗೆ ಅವನ ರ‍್ಯಾಂಕು, ಎತ್ತರ, ತೂಕ, ಎದೆಯಳತೆ, ತೋಳಿನ ಅಳತೆ, ಆಡಿದ ಕುಸ್ತಿಗಳು, ಗೆದ್ದ ಕುಸ್ತಿಗಳು. ಕಾರ್ಡು ಹಂಚಿಕೊಂಡು, ನಮ್ಮ ಕೈಯಲ್ಲಿರುವವನ ಯಾವ ಅಂಕಿ ದೊಡ್ಡದೋ ಅದನ್ನು ಕೂಗಬೇಕು. ಎದುರಿನವನದು ಅದಕ್ಕಿಂತ ಕಡಿಮೆಯಿದ್ದರೆ ಅವನ ಕಾರ್ಡು ನಮ್ಮದಾಗುತ್ತದೆ. ನಾವು ಅಂಡರ್‌ಟೇಕರನ ಎತ್ತರವನ್ನು ಮಗ್ಗಿಗಿಂತ ಚೆನ್ನಾಗಿ ಬಾಯಿಪಾಠ ಮಾಡಿಕೊಂಡಿದ್ದೆವು.

ತೂಕ ಕೂಗಿದರೆ ಯೊಕೊಜುನಾನನ್ನು ಸೋಲಿಸುವವರೇ ಇರಲಿಲ್ಲ. ಸರಣಿ ನೋಡುತ್ತ ನೋಡುತ್ತ ಆ ಹಳೆಯ ಹೆಸರುಗಳನ್ನು ಒಂದೊಂದಾಗಿ ಹುಡುಕುವ ಚಟ ಹತ್ತಿದಾಗ ಅವನ ಬಗ್ಗೆ ತಿಳಿಯಿತು. ಜಪಾನಿನ ಸುಮೊ ಮಲ್ಲನೆಂದು ನಮಗೆ ಪರಿಚಯವಾದವನು ವಾಸ್ತವದಲ್ಲಿ ಸಮೋವಾ ಮೂಲದ ಅಮೆರಿಕನ್, ಹೆಸರು ರಾಡ್ನಿ ಅನೊವಾಯಿ. ತೂಕವೇ ಅವನ ವೇಷ, ತೂಕವೇ ಅವನ ಸಂಪಾದನೆ. ಆ ತೂಕ ಕೈಮೀರಿದಾಗ ಇಳಿಸಿಕೊಳ್ಳುವಂತೆ ಕಂಪನಿಯೇ ಹೇಳಿತು. ಅದು ಅವನಿಂದ ಆಗಲಿಲ್ಲ. 2000ದ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್‌ನ ಹೋಟೆಲ್ ಕೋಣೆಯೊಂದರಲ್ಲಿ ಸತ್ತಾಗ ಅವನ ವಯಸ್ಸು 34. ನಮ್ಮ ಓಣಿಯ ಕಟ್ಟೆಯ ಮೇಲೆ ಆ ದಿನವೂ ಯಾರೋ ಅವನ ತೂಕವನ್ನು ಕೂಗಿ ಒಂದು ಕಾರ್ಡು ಗೆದ್ದಿರಬೇಕು.

ಎದೆಯಳತೆ, ತೋಳಿನ ಅಳತೆಗಳ ಕಥೆ ಇದಕ್ಕಿಂತ ಬೇರೆಯಲ್ಲ. ಪೆನ್ಸಿಲ್ವೇನಿಯಾದ ಜಾರ್ಜ್ ಜಹೋರಿಯನ್ ಎಂಬ ವೈದ್ಯ ಕುಸ್ತಿಪಟುಗಳಿಗೆ ಸ್ಟೀರಾಯ್ಡ್ ಪೂರೈಸಿದ್ದಕ್ಕಾಗಿ 1991ರಲ್ಲಿ ಅಪರಾಧಿಯೆಂದು ಸಾಬೀತಾದ. 1994ರಲ್ಲಿ ಕಂಪನಿಯ ಮಾಲೀಕ ವಿನ್ಸ್ ಮೆಕ್‌ಮಹಾನ್ ಮೇಲೆಯೂ ಸ್ಟೀರಾಯ್ಡ್ ಮೊಕದ್ದಮೆ ನಡೆದು, ಆತ ನಿರ್ದೋಷಿಯೆಂದು ತೀರ್ಮಾನವಾಯಿತು. ಅಂದರೆ ನಾವು ಕಾರ್ಡು ಹಿಡಿಯುವ ಮೊದಲೇ ಆ ಅಂಕಿಗಳು ನ್ಯಾಯಾಲಯದ ಮೆಟ್ಟಿಲು ಹತ್ತಿ ಇಳಿದಿದ್ದವು.

ಇನ್ನು ನಿಜವೋ ಸುಳ್ಳೋ ಎಂಬ ಓಣಿಯ ವಾದ. 1989ರಲ್ಲೇ, ನಮ್ಮ ಓಣಿಗೆ ಕೇಬಲ್ ತಂತಿ ಬರುವುದಕ್ಕಿಂತ ಎಷ್ಟೋ ವರ್ಷ ಮೊದಲು, ಸ್ವತಃ ಕಂಪನಿಯವರೇ ಅಮೆರಿಕದ ನ್ಯೂಜರ್ಸಿ ರಾಜ್ಯದ ಶಾಸನಸಭೆಯ ಮುಂದೆ ಇದು ಸ್ಪರ್ಧೆಯಲ್ಲ, ಮನರಂಜನೆ ಎಂದು ಒಪ್ಪಿಕೊಂಡಿದ್ದರಂತೆ. ಸತ್ಯದ ಮೇಲಿನ ಪ್ರೀತಿಯಿಂದ ಒಪ್ಪಿಕೊಂಡದ್ದಲ್ಲ. ಕ್ರೀಡೆ ಎನಿಸಿಕೊಂಡರೆ ರಾಜ್ಯದ ಕ್ರೀಡಾ ಆಯೋಗ ಬಂದು ಕೂರುತ್ತದೆ, ತೆರಿಗೆ ಕೇಳುತ್ತದೆ, ಪರವಾನಗಿ ಮತ್ತು ವೈದ್ಯಕೀಯ ತಪಾಸಣೆಯ ಕಟ್ಟಳೆಗಳನ್ನು ಹೇರುತ್ತದೆ. ಮನರಂಜನೆ ಎಂದುಬಿಟ್ಟರೆ ಅವೆಲ್ಲ ತಪ್ಪುತ್ತವೆ. ಇನ್ನೊಂದು ಕಡೆ, ಕುಸ್ತಿಪಟುಗಳು ಕಂಪನಿಯ ನೌಕರರಲ್ಲ, ಸ್ವತಂತ್ರ ಗುತ್ತಿಗೆದಾರರು ಎಂಬುದು ಅವರ ಒಪ್ಪಂದದ ಒಕ್ಕಣೆ. ವರ್ಷದ ಹೆಚ್ಚಿನ ರಾತ್ರಿಗಳನ್ನು ಒಂದೇ ಕಂಪನಿಗಾಗಿ ಊರೂರು ತಿರುಗುತ್ತ ಕಳೆಯುವವರಿಗೆ ಕಂಪನಿಯ ಆರೋಗ್ಯ ವಿಮೆಯಿಲ್ಲ, ಪಿಂಚಣಿಯಿಲ್ಲ. ಹೀಗಾಗಿ 'ಸುಳ್ಳು' ಎಂಬುದು ನಮ್ಮ ಪಾಲಿಗೆ ಬೈಗುಳವಾಗಿದ್ದರೆ, ಆ ವ್ಯವಹಾರದ ಪಾಲಿಗೆ ಅದು ಒಂದು ರಿಯಾಯಿತಿಯಾಗಿತ್ತು. ಕುಸ್ತಿಯ ಫಲಿತಾಂಶ ಸುಳ್ಳಾದ್ದರಿಂದ ಗಾಯವೂ ಲೆಕ್ಕಕ್ಕಿಲ್ಲ.

ನಮ್ಮ ಪಕ್ಷದ ಸಾಕ್ಷಿಯಾದ ರಕ್ತವೂ ನಿಜವಾದದ್ದೇ. ಬೆರಳಿಗೆ ಸುತ್ತಿದ ಪಟ್ಟಿಯೊಳಗೆ ಬ್ಲೇಡಿನ ಚೂರನ್ನು ಅಡಗಿಸಿಕೊಂಡು ಬಂದು, ಬಿದ್ದಾಗ ಮುಖ ಮರೆಮಾಡಿಕೊಂಡು ತಮ್ಮ ಹಣೆಯನ್ನು ತಾವೇ ಕೊಯ್ದುಕೊಳ್ಳುತ್ತಿದ್ದರು. ಓಣಿಯ ಎರಡೂ ಪಕ್ಷಗಳು ಏಕಕಾಲಕ್ಕೆ ಗೆದ್ದ ಹಾಗಾಯಿತು.

ವೇಷವನ್ನು ರಂಗದ ಹೊರಗೂ ಕಳಚದಿರುವ ಈ ಕಟ್ಟುಪಾಡಿಗೆ ಅವರ ಭಾಷೆಯಲ್ಲಿ 'ಕೇಫೇಬ್' ಎನ್ನುತ್ತಾರೆ. ಕಣದಲ್ಲಿ ವೈರಿಗಳಾದವರು ಹೊರಗೆ ಒಂದೇ ಕಾರಿನಲ್ಲಿ ಕಾಣಿಸಿಕೊಳ್ಳಬಾರದು, ಒಂದೇ ಮೇಜಿನಲ್ಲಿ ಉಣ್ಣಬಾರದು. ಅಜ್ಜ ಇದನ್ನು ಬಯಲಾಟ ಎಂದದ್ದು ಅರ್ಧ ಸರಿ. ನಮ್ಮಲ್ಲಿ ರಾತ್ರಿಯಿಡೀ ದುರ್ಯೋಧನನ ಪಾತ್ರ ಮಾಡಿದವರು ಬೆಳಗಾದ ಮೇಲೆ ಬಣ್ಣ ಒರೆಸಿಕೊಂಡು, ಭೀಮನ ಪಾತ್ರದವರ ಪಕ್ಕದಲ್ಲೇ ಕೂತು ಚಹಾ ಕುಡಿದು ಹೊಲಕ್ಕೆ ಹೋಗುತ್ತಾರೆ. ಕಿರೀಟ ಪೆಟ್ಟಿಗೆ ಸೇರುತ್ತದೆ. ಅಲ್ಲಿ ಕಿರೀಟ ಇಳಿಯುತ್ತಲೇ ಇರಲಿಲ್ಲ.

ಮೊದಲ ಆರು ಕಂತುಗಳಲ್ಲಿ ಟೆಕ್ಸಾಸಿನ ವಾನ್ ಎರಿಕ್ ಕುಟುಂಬದ ಕಂತು ನನ್ನನ್ನು ಬಹಳ ಕಾಡಿತು. ತಂದೆ ಫ್ರಿಟ್ಜ್ ತಾನೂ ಕುಸ್ತಿಪಟು, ಕುಸ್ತಿ ಕಂಪನಿಯ ಒಡೆಯನೂ ಹೌದು. ಆರು ಗಂಡುಮಕ್ಕಳು. ಹಿರಿಯ ಮಗ 1959ರಲ್ಲಿ ಬಾಲಕನಾಗಿದ್ದಾಗಲೇ ಅಪಘಾತದಲ್ಲಿ ತೀರಿಕೊಂಡ. ಡೇವಿಡ್ 1984ರಲ್ಲಿ ಕುಸ್ತಿಗೆಂದು ಜಪಾನಿಗೆ ಹೋದಾಗ ಅಲ್ಲಿಯೇ ಸತ್ತ. ಮೈಕ್, ಕ್ರಿಸ್, ಕೆರಿ ಮೂವರೂ 1987, 1991 ಮತ್ತು 1993ರಲ್ಲಿ ತಮ್ಮ ಜೀವ ತಾವೇ ಕಳೆದುಕೊಂಡರು. ಈ ಕೆರಿ 1986ರ ಬೈಕ್ ಅಪಘಾತದ ನಂತರ ಬಲಗಾಲಿನ ಪಾದ ಕಳೆದುಕೊಂಡಿದ್ದ. ಕೃತಕ ಪಾದದ ಮೇಲೆ ಬೂಟು ಹಾಕಿಕೊಂಡು, ಪ್ರೇಕ್ಷಕರಿಗೆ ಗೊತ್ತಾಗದಂತೆ, ಡಬ್ಲ್ಯೂಡಬ್ಲ್ಯೂಎಫ್‌ನಲ್ಲಿಯೂ 'ಟೆಕ್ಸಾಸ್ ಟೊರ್ನಾಡೊ' ಎಂಬ ಹೆಸರಿನಲ್ಲಿ ಕಣಕ್ಕಿಳಿಯುತ್ತಿದ್ದ. ಉಳಿದವನು ಕೆವಿನ್ ಒಬ್ಬನೇ. ತನಗೆ ಈಗ ಯಾರೂ ಅಣ್ಣತಮ್ಮಂದಿರಿಲ್ಲ ಎಂಬುದನ್ನು ಅವನು ಕ್ಯಾಮೆರಾದ ಮುಂದೆ ಕೂತು ಶಾಂತವಾಗಿ ಹೇಳುವಾಗ ಸರಣಿಯವರು ಸಂಗೀತವನ್ನು ನಿಲ್ಲಿಸಿದ್ದರೆ ಚೆನ್ನಾಗಿತ್ತು ಎನಿಸಿತು.

ನಾನು ಬೇಕೆಂದೇ ಮುಂದಕ್ಕೆ ತಳ್ಳುತ್ತ ಬಂದ ಕಂತು ಓವನ್ ಹಾರ್ಟ್‌ನದು. 2020ರ ಮೇ ತಿಂಗಳಿನಲ್ಲಿ, ಎರಡನೆಯ ಸುತ್ತಿನ ಕೊನೆಯ ಕಂತಾಗಿ ಬಂದದ್ದು. ಕೆನಡಾದ ಹಾರ್ಟ್ ಮನೆತನದ ಹನ್ನೆರಡು ಮಕ್ಕಳಲ್ಲಿ ಓವನ್ ಕೊನೆಯವನು. ಅವನ ಅಣ್ಣ ಬ್ರೆಟ್ ಹಾರ್ಟ್ ನಮ್ಮ ಓಣಿಯಲ್ಲಿ ಗುಲಾಬಿ ಬಣ್ಣದ ಉಡುಪಿನಿಂದ ಪ್ರಸಿದ್ಧ. ಆ ಬ್ರೆಟ್‌ನನ್ನು 1997ರ ನವೆಂಬರ್ 9ರಂದು ಮಾಂಟ್ರಿಯಲ್‌ನಲ್ಲಿ, ಮೊದಲೇ ಒಪ್ಪಿಕೊಂಡ ಫಲಿತಾಂಶವನ್ನು ಮುರಿದು, ಅವನಿಗೇ ತಿಳಿಯದಂತೆ ಗಂಟೆ ಬಾರಿಸಿ ಸೋಲಿಸಿದ ಪ್ರಸಂಗ ಮೊದಲ ಸುತ್ತಿನಲ್ಲಿಯೇ ಇದೆ. ಅಭಿಮಾನಿಗಳು ಅದರ ಬಗ್ಗೆ ಇಂದಿಗೂ ವಾದಿಸುತ್ತಾರೆ. ನನಗೆ ಅದರಲ್ಲಿ ಅಷ್ಟು ಆಸಕ್ತಿಯಿಲ್ಲ. ಅಲ್ಲಿ ಪೆಟ್ಟು ಬಿದ್ದದ್ದು ಮಾನಕ್ಕೆ. ಬ್ರೆಟ್ ಕಂಪನಿ ಬಿಟ್ಟುಹೋದ, ಓವನ್ ಅಲ್ಲೇ ಉಳಿದ.

1999ರ ಮೇ 23ರಂದು ಕನ್ಸಾಸ್ ಸಿಟಿಯ ಕೆಂಪರ್ ಅರೀನಾದಲ್ಲಿ ಅವನಿಗೆ ಕೊಟ್ಟಿದ್ದ ಪಾತ್ರ 'ಬ್ಲೂ ಬ್ಲೇಜರ್', ಸೂಪರ್‌ಹೀರೋಗಳ ಅಣಕದಂಥ ಹಾಸ್ಯದ ವೇಷ. ಚಾವಣಿಯಿಂದ ತಂತಿಯಲ್ಲಿ ಇಳಿದು ಬಂದು, ನೆಲ ಇನ್ನಷ್ಟು ದೂರವಿರುವಾಗಲೇ ಕೊಂಡಿ ಬಿಚ್ಚಿಕೊಂಡು ಮುಖ ಅಡಿಯಾಗಿ ಬೀಳುವುದು, ಜನ ನಗುವುದು, ಇಷ್ಟೇ ದೃಶ್ಯ. ಬೇಗ ಬಿಚ್ಚಿಕೊಳ್ಳಲೆಂದು ಬಳಸಿದ ಕೊಂಡಿ ಹಾಯಿದೋಣಿಗಳಿಗಾಗಿ ತಯಾರಾದದ್ದು, ಮನುಷ್ಯರನ್ನು ಎತ್ತರದಿಂದ ಇಳಿಸಲು ಅಲ್ಲ ಎಂದು ಅವನ ಹೆಂಡತಿ ಮಾರ್ಥಾ ಹಾರ್ಟ್ ಈ ಕಂತಿನಲ್ಲಿ ವಿವರಿಸುತ್ತಾರೆ. ಅದು ಮೇಲೆಯೇ ಬಿಚ್ಚಿಕೊಂಡಿತು. 78 ಅಡಿ ಎತ್ತರದಿಂದ ಬಿದ್ದ ಓವನ್‌ನ ವಯಸ್ಸು 34. ಮನೆಗಳಲ್ಲಿ ನೋಡುತ್ತಿದ್ದವರಿಗೆ ಆ ಕ್ಷಣದಲ್ಲಿ ಬೇರೊಂದು ಚಿತ್ರಿಕೆ ಪ್ರಸಾರವಾಗುತ್ತಿತ್ತು. ಅವನನ್ನು ಆಸ್ಪತ್ರೆಗೆ ಸಾಗಿಸಿದ ಮೇಲೆ ಕಾರ್ಯಕ್ರಮ ಮುಂದುವರಿಯಿತು. ಉಳಿದ ಕುಸ್ತಿಗಳು ಅದೇ ಕಣದಲ್ಲಿ ನಡೆದವು, ಕೊನೆಯ ಕುಸ್ತಿ ಅಂಡರ್‌ಟೇಕರನದು. ಮಾರ್ಥಾ ಹೂಡಿದ ಮೊಕದ್ದಮೆ 2000ದಲ್ಲಿ ಸುಮಾರು 1.8 ಕೋಟಿ ಡಾಲರ್ ಪರಿಹಾರದೊಂದಿಗೆ ರಾಜಿಯಲ್ಲಿ ಮುಗಿಯಿತು. ಆ ಹಣದಿಂದ ಅವರು ಗಂಡನ ಹೆಸರಿನಲ್ಲಿ ಸೇವಾ ಪ್ರತಿಷ್ಠಾನವೊಂದನ್ನು ಕಟ್ಟಿದರು.

ನಾನು ಈ ಕಂತನ್ನು ಮುಂದೂಡಲು ಬೇರೆ ಕಾರಣವಿತ್ತು. ಆ ಸಾವಿನ ಸುದ್ದಿ ಬೇಸಿಗೆ ರಜೆಯ ಕೊನೆಯ ದಿನಗಳಲ್ಲಿ ನಮ್ಮ ಓಣಿಗೂ ಬಂದಿತ್ತು, ಆದರೆ ನಾವು ನಂಬಲಿಲ್ಲ. ಅಂಡರ್‌ಟೇಕರ್ ಏಳು ಸಲ ಸತ್ತು ಏಳು ಸಲ ಎದ್ದು ಬಂದಿದ್ದಾನೆ ಎಂಬುದು ಆಗ ಇಡೀ ದೇಶದ ಮಕ್ಕಳ ನಂಬಿಕೆ. ಶವಪೆಟ್ಟಿಗೆಯಲ್ಲಿ ಮುಚ್ಚಿದವನು, ಮಣ್ಣಿನಲ್ಲಿ ಹೂತವನು ಎದ್ದು ಬರುವುದನ್ನು ಟಿವಿಯೇ ತೋರಿಸಿರುವಾಗ, ಬಿದ್ದವನೊಬ್ಬ ಎದ್ದು ಬರುವುದಿಲ್ಲ ಎನ್ನಲು ನಮಗೆ ಯಾವ ಆಧಾರವಿತ್ತು? ನಿಜವೆನ್ನುವ ಪಕ್ಷದವರಾದ ನಾವು ಅವನು ಮರಳಿ ಬರುತ್ತಾನೆಂದೆವು. ಸುಳ್ಳೆನ್ನುವ ಪಕ್ಷದವರು ಅವನು ಸತ್ತೇ ಇಲ್ಲವೆಂದರು. ಆ ವಾದದಲ್ಲಿ ಮೊದಲ ಬಾರಿಗೆ ಎರಡೂ ಪಕ್ಷಗಳು ಒಂದೇ ಕಡೆ ನಿಂತು ಒಟ್ಟಿಗೇ ತಪ್ಪಿದವು. ಅಂದು ಅರೀನಾದಲ್ಲಿದ್ದ ಅನೇಕರೂ ಬಿದ್ದದ್ದು ಬೊಂಬೆ ಅಥವಾ ಆಟದ ಭಾಗ ಎಂದುಕೊಂಡಿದ್ದರು ಎಂಬುದನ್ನು ತಿಳಿದು ನನಗೆ ಸಮಾಧಾನವೇನೂ ಆಗಲಿಲ್ಲ.

ಕುಸ್ತಿಪಟು ಕ್ರಿಸ್ ಬೆನ್ವಾನ ಎರಡು ಭಾಗಗಳ ಕಂತಿನ ಬಗ್ಗೆ ಹೆಚ್ಚು ಬರೆಯಲಾರೆ. 2007ರ ಜೂನ್‌ನಲ್ಲಿ ಜಾರ್ಜಿಯಾದ ತನ್ನ ಮನೆಯಲ್ಲಿ ಹೆಂಡತಿ ನ್ಯಾನ್ಸಿಯನ್ನೂ ಏಳು ವರ್ಷದ ಮಗನನ್ನೂ ಕೊಂದು ತಾನೂ ಸತ್ತ. ವಿವರ ಹೊರಬರುವ ಮೊದಲು ಕಂಪನಿ ಅವನಿಗೆ ಮೂರು ಗಂಟೆಗಳ ಶ್ರದ್ಧಾಂಜಲಿ ಕಾರ್ಯಕ್ರಮ ಪ್ರಸಾರ ಮಾಡಿತು, ಹೊರಬಂದ ಮೇಲೆ ಅವನ ಹೆಸರನ್ನೇ ಅಳಿಸತೊಡಗಿತು. ಅವನ ಮಿದುಳನ್ನು ಪರೀಕ್ಷಿಸಿದ ವೈದ್ಯರು ಅದು 85 ವರ್ಷದ ಅಲ್ಝೈಮರ್ ರೋಗಿಯ ಮಿದುಳಿನಷ್ಟು ಹಾಳಾಗಿದೆ ಎಂದರು, ಅವನಿಗಾಗ 40. ಕಣದ ಮೂಲೆಯ ಕಂಬವೇರಿ ಅಲ್ಲಿಂದ ತಲೆ ಮುಂದಾಗಿ ಎದುರಾಳಿಯ ಮೇಲೆ ಜಿಗಿಯುವುದು ಅವನ ಹೆಸರಾಂತ ಪಟ್ಟು. ಇದನ್ನು ಕೊಲೆಗೆ ಸಮಜಾಯಿಷಿಯಾಗಿ ಹೇಳುವವರಿದ್ದಾರೆ, ನಾನು ಹಾಗೆ ಹೇಳಲಾರೆ. ಈ ಕಂತಿನ ಮೇಲೆ ನನಗೆ ಗೌರವ ಮೂಡಿದ್ದು, ಅದು ಬೆನ್ವಾನ ದುರಂತವಾಗಿ ಮುಗಿಯದೆ, ನ್ಯಾನ್ಸಿಯ ಸಹೋದರಿಗೂ ಅವನ ಮೊದಲ ಮದುವೆಯ ಮಗನಿಗೂ ತಮ್ಮ ಪಾಲಿನ ಮಾತು ಹೇಳಲು ಬಿಟ್ಟದ್ದರಿಂದ.

ಹೆಂಗಸರ ವಿಷಯಕ್ಕೆ ಬಂದಾಗ ಸರಣಿ ನಿಜವಾಗಿ ಕತ್ತಲಾಗುತ್ತದೆ. ಕುಸ್ತಿಪಟು ಜಿಮ್ಮಿ ಸ್ನೂಕಾನ ಗೆಳತಿ ನ್ಯಾನ್ಸಿ ಅರ್ಜೆಂಟಿನೊ 1983ರಲ್ಲಿ ಸತ್ತಳು; ಅವನ ಮೇಲೆ ಆರೋಪಪಟ್ಟಿ ಬಂದದ್ದು 2015ರಲ್ಲಿ. ವಿಚಾರಣೆ ಎದುರಿಸುವ ಸ್ಥಿತಿಯಲ್ಲಿಲ್ಲವೆಂದು ಆರೋಪ ರದ್ದಾದ ಕೆಲವೇ ದಿನಗಳಲ್ಲಿ, 2017ರ ಜನವರಿಯಲ್ಲಿ, ಅವನೂ ಸತ್ತ. 2002ರಲ್ಲಿ ಲಂಡನ್ನಿನಿಂದ ಮರಳುತ್ತಿದ್ದ ವಿಮಾನದಲ್ಲಿ ಕುಸ್ತಿಪಟುಗಳು ಗಗನಸಖಿಯರೊಂದಿಗೆ ನಡೆದುಕೊಂಡ ರೀತಿ ಎಷ್ಟೋ ವರ್ಷ ಅಭಿಮಾನಿಗಳ ನಡುವೆ ನಗೆಚಾಟಿಕೆಯಾಗಿ ಓಡಾಡುತ್ತಿತ್ತು. 2021ರ ಕಂತಿನಲ್ಲಿ ಆ ಗಗನಸಖಿಯರಲ್ಲೊಬ್ಬರು ಬಂದು ಕೂತು ಹೇಳಿದ ಮೇಲೆ ಆ ನಗೆ ನಿಂತಿತು. ಆ ವಿಮಾನದಲ್ಲಿದ್ದ ಕುಸ್ತಿಪಟು ರಿಕ್ ಫ್ಲೇರ್‌ನ ಜಾಹೀರಾತೊಂದು ನಿಂತಿತು. ಅದೇ ಕಂತಿನಲ್ಲಿ ಅದನ್ನೆಲ್ಲ ಹಗುರಾಗಿ ಸಮರ್ಥಿಸಿಕೊಂಡ ಕುಸ್ತಿಪಟು ಟಾಮಿ ಡ್ರೀಮರ್‌ನನ್ನು ಅವನ ಕಂಪನಿ ಅಮಾನತಿನಲ್ಲಿಟ್ಟಿತು. ಹಳೆಯ ಹೊಲಸನ್ನು ಈಗ ಕೆದಕಿ ಏನು ಫಲ ಎಂದು ಕೇಳುವವರಿಗೆ ಈ ಒಂದು ಕಂತು ಸಾಕು.

ಸರಣಿಯ ಮೇಲೆ ನನ್ನ ತಕರಾರಿಲ್ಲವೆಂದಲ್ಲ. ಸತ್ತವರ ಕೊನೆಯ ಗಳಿಗೆಗಳನ್ನು ಮುಖ ಕಾಣದ ನಟರಿಂದ, ಹೊಗೆ ಮತ್ತು ನೆರಳಿನಲ್ಲಿ ಮತ್ತೆ ಆಡಿಸುವ ಅವರ ವಿಧಾನ ಚೆಂದವಾಗಿದೆ, ಚೆಂದವಾಗಿರುವುದೇ ಅದರ ತೊಂದರೆ. ಯಾವಾಗ ತಡೆಹಿಡಿಯಬೇಕು, ಯಾವಾಗ ಬಿಚ್ಚಿಡಬೇಕು ಎಂಬ ಲೆಕ್ಕಾಚಾರ ಕುಸ್ತಿಯವರದೇ. ನಿರೂಪಣೆಯ ಧ್ವನಿಯೂ ಮೊದಲ ಸುತ್ತಿನಲ್ಲಿ ಡಚ್ ಮ್ಯಾಂಟೆಲ್, ನಂತರ ಕ್ರಿಸ್ ಜೆರಿಕೊ, ಇಬ್ಬರೂ ಕುಸ್ತಿಪಟುಗಳು. ಜೊತೆಗೆ, ಜೀವಮಾನವಿಡೀ ನಿಜವನ್ನು ಮರೆಮಾಚುವುದನ್ನೇ ವೃತ್ತಿಧರ್ಮವೆಂದು ಕಲಿತವರು ಇಲ್ಲಿ ಸಾಕ್ಷಿಗಳಾಗಿ ಕೂತಿದ್ದಾರೆ. ಕೆಲವರ ಕಣ್ಣೀರನ್ನು ನೋಡುವಾಗ ನನಗೆ ಗುದ್ದು ತಾಗುವ ಮೊದಲೇ ವಾಲುವ ತಲೆ ನೆನಪಾಗುತ್ತಿತ್ತು.

ನನ್ನ ಕಾಕಾನ ಮಗ, ನನಗಿಂತ ಎರಡು ವರ್ಷ ಚಿಕ್ಕವನು, ಆ ಕಾಲದಲ್ಲಿ ಭತ್ತದ ಹುಲ್ಲಿನ ಬಣವೆಯ ಮೇಲಿನಿಂದ ನನ್ನ ಮೇಲೆ ಜಿಗಿದಿದ್ದ. ಹಿಡಿಯಬೇಕಾದವನು ನಾನು. ಕೊನೆಯ ಗಳಿಗೆಯಲ್ಲಿ ಹೆದರಿ ಸರಿದೆ. ಅವನ ಕುತ್ತಿಗೆಯ ಕೆಳಗಿನ, ಭುಜದ ಕಡೆಯ ಎಲುಬು ಮುರಿಯಿತು. 'ಇದನ್ನು ಮನೆಯಲ್ಲಿ ಪ್ರಯತ್ನಿಸಬೇಡಿ' ಎಂಬ ಎಚ್ಚರಿಕೆ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಬರುತ್ತಿತ್ತು. ನಾವು ಕನ್ನಡ ಶಾಲೆಯವರು. ಆ ರಾತ್ರಿ ಅಜ್ಜ ನಮ್ಮನ್ನು ಬೈಯಲಿಲ್ಲ. ಗರಡಿಯಲ್ಲಿ ವಸ್ತಾದರು ಮೊದಲು ಕಲಿಸುವುದು ಪಟ್ಟು ಹಾಕುವುದನ್ನಲ್ಲ, ಬೀಳುವುದನ್ನು, ಅದಕ್ಕಾಗಿಯೇ ಮಣ್ಣನ್ನು ಜರಡಿ ಹಿಡಿದು ಎಣ್ಣೆ ಮಜ್ಜಿಗೆ ಬೆರೆಸಿ ಮೆತ್ತಗೆ ಮಾಡುತ್ತಾರೆ ಎಂದಷ್ಟೇ ಹೇಳಿದರು.

ಹಾಗೆಂದು ಅದು ಅಮೆರಿಕದ ಕೊಳಕು, ನಮ್ಮ ಕುಸ್ತಿ ಮಾತ್ರ ಪವಿತ್ರ ಎಂದು ಬರೆದು ಕೈತೊಳೆದುಕೊಳ್ಳಲು ನಮ್ಮ ನೆಲವೇ ಬಿಡುವುದಿಲ್ಲ. ಆನೆಗೊಂದಿಯಿಂದ ಹೊಳೆ ದಾಟಿದರೆ ಹಂಪಿ, ಅಲ್ಲಿ ಮಹಾನವಮಿ ದಿಬ್ಬ. 1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಅಲ್ಲಿ ರಾಜನ ಮುಂದೆ ನಡೆದ ಮಲ್ಲಯುದ್ಧವನ್ನು ಬಣ್ಣಿಸಿದ್ದಾನೆ. ಹಲ್ಲು ಉದುರುವಂತೆ, ಕಣ್ಣು ಹೋಗುವಂತೆ, ಮುಖ ಗುರುತು ಸಿಗದಂತೆ ಹೊಡೆದಾಡುತ್ತಿದ್ದರಂತೆ. ಮಾತು ನಿಂತುಹೋದವರನ್ನು ಗೆಳೆಯರು ಹೊತ್ತೊಯ್ಯುತ್ತಿದ್ದರಂತೆ. ಹಬ್ಬವೂ ಮುಂದುವರಿಯುತ್ತಿದ್ದಿರಬೇಕು.

ಓವನ್ ಹಾರ್ಟ್‌ನ ಕಂತನ್ನು ಕೊನೆಗೆ ನೋಡಿದ್ದು ಆ ತಮ್ಮನ ಜೊತೆಗೇ. ಅವನೀಗ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತಾನೆ. ಚಳಿಗಾಲದಲ್ಲಿ ಭುಜ ಹಿಡಿದುಕೊಳ್ಳುತ್ತದೆ ಎನ್ನುತ್ತಾನೆ, ನಾನು ವಿಷಯ ಬದಲಿಸುತ್ತೇನೆ. ಕಂತು ಮುಗಿದ ಮೇಲೆ ಬಹಳ ಹೊತ್ತು ಸುಮ್ಮನಿದ್ದು, "ಅಣ್ಣಾ, ಅವನ ಕಾರ್ಡು ಯಾರ ಕಡೆ ಇತ್ತು?" ಎಂದು ಕೇಳಿದ. ನನ್ನ ಕಡೆಯೇ ಇತ್ತು. ಅವನು ನಿಜವಾಗಿಯೂ ಸತ್ತಿದ್ದಾನೆಂದು ಕೆಲವು ತಿಂಗಳ ಮೇಲೆ ಖಾತ್ರಿಯಾದಾಗ, ಆ ಕಾರ್ಡನ್ನು ಕಟ್ಟಿನಿಂದ ತೆಗೆದಿಡಬೇಕೇ ಎಂಬ ಮಾತು ಓಣಿಯ ಕಟ್ಟೆಯ ಮೇಲೆ ಬಂದಿತ್ತು. ತೆಗೆದರೆ ಹಂಚುವಾಗ ಒಬ್ಬನಿಗೆ ಒಂದು ಕಾರ್ಡು ಕಡಿಮೆ ಬೀಳುತ್ತದೆಂದು ಹಾಗೆಯೇ ಬಿಟ್ಟೆವು.